ಗಂಜಿತಿಳಿ ಊಟವಲ್ಲ ಎಂದುಕೊಂಡಿದ್ದೆ

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಗಲ್ಫಿನಲ್ಲಿ, ಫಹಾಹೀಲಿನ ಸಣ್ಣ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತೇನೆ. ನನ್ನ ತಮ್ಮ ಅಲ್ಲೇ ಅರ್ದಿಯಾದ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಕೆಲಸದ ನಡುವೆ ಎರಡು ಸಲ ತಲೆ ತಿರುಗಿ ಬಿದ್ದ ಮೇಲೆ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೃದಯದಲ್ಲಿ ಉರಿಯೂತ ಇರಬಹುದು, ಸ್ಕ್ಯಾನ್ ಮಾಡಿದರೆ ಗೊತ್ತಾಗುತ್ತದೆ ಎಂದರು ಡಾಕ್ಟರು.

ಸ್ಕ್ಯಾನಿಗೆ ಮೊದಲು ಎರಡು ದಿನ ಅನ್ನ, ರೊಟ್ಟಿ, ಸಕ್ಕರೆ ಕೂಡದು. ಮೊಟ್ಟೆ, ಮೀನು, ಮಾಂಸ ಮಾತ್ರ. ಆ ದಿನ ಬೆಳಿಗ್ಗೆ ಬರೀ ನೀರು. ಕೇರಳದ ನರ್ಸಮ್ಮ ಬಿಡಿಸಿ ಹೇಳಿದರು: ಹೀಗಿದ್ದರೆ ಆರೋಗ್ಯದ ಹೃದಯ ಸಕ್ಕರೆಯ ಗೊಡವೆಗೆ ಹೋಗುವುದಿಲ್ಲ, ಸೂಜಿಯಲ್ಲಿ ಕೊಟ್ಟ ಸಕ್ಕರೆಯನ್ನು ಬೇನೆಯಿರುವ ಜಾಗ ಮಾತ್ರ ಎಳೆದುಕೊಂಡು ಚಿತ್ರದಲ್ಲಿ ಹೊಳೆಯುತ್ತದೆ.

"ಅಣ್ಣಾ, ಇನ್ನೊಂದು ಮೊಟ್ಟೆ ತಿಂದ್ರೆ ನಾನೇ ಕೋಳಿ ಹಾಗೆ ಕೂಗ್ಲಿಕ್ಕೆ ಶುರು ಮಾಡ್ತೇನೆ" ಎಂದು ತಮಾಷೆ ಮಾಡುತ್ತಿದ್ದವನು ಸ್ಕ್ಯಾನಿನ ದಿನ ಬೆಳಿಗ್ಗೆ ಗೋಡೆ ಹಿಡಿದು ನಿಂತಿದ್ದ. ನಮ್ಮ ಕಡೆ ಜ್ವರದವರಿಗೆ ಕೊಡುವುದೇ ಕುಚ್ಚಲಕ್ಕಿ ಗಂಜಿಯ ತಿಳಿ. ಅದನ್ನು ಯಾರೂ ಊಟ ಎನ್ನುವುದಿಲ್ಲ. ನೀರು ಕುಡಿಯಬಹುದಲ್ಲ, ಇದೂ ನೀರೇ ಎಂದುಕೊಂಡೆ. ಅಗುಳು ಒಂದೂ ಬೀಳದಂತೆ ಸೋಸಿ, ಉಪ್ಪು ಹಾಕಿ, ಎರಡು ಲೋಟ ಕೊಟ್ಟೆ.

"ಈಗ ಜೀವ ಬಂತು ನೋಡು" ಅಂದ.

ಅನ್ನ ತಿಂದಿದ್ದಾರಾ ಎಂದು ನರ್ಸಮ್ಮ ಕೇಳಿದಾಗ ಇಲ್ಲ ಎಂದೆ. ಅದು ಸುಳ್ಳೆಂದು ಆಗ ನನಗೆ ಅನಿಸಿರಲಿಲ್ಲ.

ಚಿತ್ರದಲ್ಲಿ ಇಡೀ ಹೃದಯವೇ ಹೊಳೆಯುತ್ತಿತ್ತು. ಬೇನೆ ಎಲ್ಲಿ, ಇದೆಯೋ ಇಲ್ಲವೋ, ಏನೂ ತಿಳಿಯದು. ಡಾಕ್ಟರು ಹೊರಗೆ ಬಂದು ಹಿಂದಿಯಲ್ಲಿ ಕೇಳಿದರು: "ಭಾಯಿ, ನಿಜ ಹೇಳಿ. ಹೊಟ್ಟೆಗೆ ಏನಾದರೂ ಹೋಗಿದೆಯಾ? ಹೋಗಿದ್ದರೆ ಈ ವಾರವೇ ಇನ್ನೊಮ್ಮೆ ಮಾಡೋಣ."

ಗಂಜಿತಿಳಿಯೂ ಅನ್ನವೇ ಎಂದು ಆಗ ಗೊತ್ತಾಯಿತು. ತಮ್ಮ ಹೇಳಿಬಿಡಲು ಬಾಯಿ ತೆರೆದ. ನಾನು ಅವನ ತೋಳು ಒತ್ತಿದೆ. ಊರಿಗೆಲ್ಲ ಅಡುಗೆ ಮಾಡಿ ಬಡಿಸುವವನಿಗೆ ಇಷ್ಟೂ ಗೊತ್ತಾಗಲಿಲ್ಲವಾ ಎನ್ನಿಸಿಕೊಳ್ಳಲು ನಾಚಿಕೆ.

"ಏನೂ ಇಲ್ಲ ಡಾಕ್ಟ್ರೇ."

ಕೆಲವರ ಹೃದಯ ಹೀಗೂ ಇರುತ್ತದೆ, ಒಂದು ತಿಂಗಳು ಬಿಟ್ಟು ನೋಡೋಣ ಎಂದರು ಅವರು. ಹದಿನೆಂಟನೇ ದಿನ ಗೋದಾಮಿನಲ್ಲಿ ಬಿದ್ದ ತಮ್ಮ ಮತ್ತೆ ಏಳಲಿಲ್ಲ. ಸರಿಯಾದ ಚಿತ್ರ ಸಿಕ್ಕಿದ್ದರೆ ಉಳಿಯುತ್ತಿದ್ದನೋ, ನನಗೆ ಗೊತ್ತಿಲ್ಲ. ಕೇಳಲು ಆ ಡಾಕ್ಟರ ಹತ್ತಿರ ಹೋಗುವ ಧೈರ್ಯವೂ ಬಂದಿಲ್ಲ.

ಅವನನ್ನು ಪೆಟ್ಟಿಗೆಯಲ್ಲಿ ಊರಿಗೆ ಕರೆದುಕೊಂಡು ಹೋದದ್ದು ನಾನೇ. ಎಲ್ಲ ಮುಗಿದ ಮೇಲೆ ಅವನ ಹೆಂಡತಿ ಬಾಗಿಲ ಹತ್ತಿರ ನಿಂತು ಕೇಳಿದಳು: "ಸ್ಕ್ಯಾನಿನಲ್ಲಿ ಎಂತ ಬಂದಿತ್ತು ಭಾವ?"

"ಸರಿಯಾಗಿ ಕಾಣ್ಲಿಲ್ಲ ಅಂತೆ."

"ಅಲ್ಲಿ ಅವರಿಗೆ ನೀವಾದ್ರೂ ಇದ್ರಲ್ಲ" ಎಂದು ಕಣ್ಣೊರೆಸಿಕೊಂಡಳು.