ಖಣಿಯೊಳಗಿನ ಸೈಕಲ್ ದಾರಿ

ವಾಡಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಅಲ್ಲಾವುದ್ದೀನನಿಗೆ ಐವತ್ತು ದಾಟಿದ ಮೇಲೆ ಒಂದು ಹುಚ್ಚು ಹಿಡಿಯಿತು. ಶಹಾಬಾದ್ ರಸ್ತೆಯ ಮಗ್ಗುಲಿಗೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲು ತೆಗೆದು ಬಿಟ್ಟುಹೋದ ಖಣಿಯೊಂದಿತ್ತು. ಹರೆಯದಲ್ಲಿ ಅವನು ಅಲ್ಲೇ ಕಲ್ಲು ಸೀಳಿದ್ದ. ಅದರ ಏರಿಳಿತಗಳಲ್ಲಿ ದಪ್ಪ ಟೈರಿನ ಸೈಕಲ್ ಓಡಿಸುವ ದಾರಿ ಮಾಡಬೇಕು, ಊರಿನವರು ಯಾರು ಬಂದರೂ ಬಿಟ್ಟಿಯಾಗಿ ಓಡಿಸಬೇಕು ಎಂಬುದು ಅವನ ಆಸೆ. ಖಣಿಯ ಮಾಲೀಕ ಮಜೀದಸಾಬರು ಒಪ್ಪಿದರು. ನೀರು ನಿಂತ ಹೊಂಡಕ್ಕೆ ಬೇಲಿ ಹಾಕಿ, ಗುಜರಿಯ ಹನ್ನೊಂದು ಗೇರ್ ಸೈಕಲ್ಲುಗಳನ್ನು ಸರಿಮಾಡಿ, ವರ್ಷದೊಳಗೆ ದಾರಿ ಮುಗಿಸಿದ.

ಮೊದಲು ಬಂದವರಲ್ಲಿ ಅಂಗನವಾಡಿ ಟೀಚರ್ ಸುಮಂಗಲಾ ಒಬ್ಬರು. ನಲವತ್ತೆರಡನೆಯ ವಯಸ್ಸಿನಲ್ಲಿ ಸೈಕಲ್ ಕಲಿತು, ತಮ್ಮದೇ ಒಂದನ್ನು ಕೊಂಡವರು. ಅವರನ್ನು ನೋಡಿ ಇನ್ನೂ ಏಳೆಂಟು ಹೆಂಗಸರು ಭಾನುವಾರ ಬರತೊಡಗಿದರು.

ಒಂದು ಶನಿವಾರ ಮೂರನೆಯ ಇಳಿಜಾರಿನಲ್ಲಿ ಹಾಸಿದ್ದ ಫರ್ಸಿಯೊಂದು ಅಲ್ಲಾವುದ್ದೀನನ ಕಾಲಡಿ ಅಲುಗಿತು. ಮರುದಿನ ಕಲಬುರಗಿಯಿಂದ ಸೈಕಲ್ ಸಂಘದವರು ನೋಡಲು ಬರುವವರಿದ್ದರು. ಇಳಿಜಾರು ಮುಚ್ಚಿದರೆ ಏನಂದುಕೊಂಡಾರೋ ಎಂದು, ಕಲ್ಲಿನ ಅಡಿಗೆ ಎರಡು ಚಕ್ಕೆ ತುರುಕಿ ಮನೆಗೆ ಹೋದ.

ಭಾನುವಾರ ಸುಮಂಗಲಾ ಅಲ್ಲೇ ಬಿದ್ದರು. ಬಲಗೈ ಮೊಣಕೈಯಲ್ಲಿ ಮುರಿಯಿತು. ಬಂದ ಅತಿಥಿಗಳೆಲ್ಲ ಸುತ್ತ ನಿಂತಿದ್ದರು.

“ನಂದೇ ತಪ್ಪು ಅಣ್ಣಾ,” ಎಂದರು ಅವರು. “ಬ್ರೇಕ್ ಜೋರ್ ಹಿಡದೆ.”

“ಹೌದ್ರಿ ಟೀಚರ್. ಇಳಿಜಾರಿನಾಗ ಹಂಗ ಹಿಡೀಬಾರದು,” ಎಂದುಬಿಟ್ಟ ಅಲ್ಲಾವುದ್ದೀನ.

ಸಂಜೆ ಒಬ್ಬನೇ ಹೋಗಿ ಆ ಕಲ್ಲಿಗೆ ಸಿಮೆಂಟು ಹಾಕಿದ. ಆದರೆ ನಿಜವನ್ನು ಯಾರಿಗೂ ಹೇಳಲಿಲ್ಲ. ಯಾರಾದರೂ ಸೈಕಲ್ ದಾರಿಯನ್ನು ಹೊಗಳಿದರೆ ಮುಖ ತಿರುಗಿಸುತ್ತಿದ್ದ. ಅಂಗನವಾಡಿಯ ಮುಂದೆ ಹಾಯಬೇಕಾದೀತೆಂದು ಸುತ್ತುಬಳಸಿ ಅಂಗಡಿಗೆ ಹೋಗುತ್ತಿದ್ದ. ಸುಮಂಗಲಾ ಅವರಿಗೆ ಕೈ ಪೂರ್ತಿ ಚಾಚಲು ಬರಲೇ ಇಲ್ಲ. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು.

ಆರು ತಿಂಗಳ ನಂತರ ಸುಮಂಗಲಾ ತಮ್ಮ ಸೈಕಲ್ಲನ್ನು ತಳ್ಳಿಕೊಂಡು ಅಂಗಡಿಗೆ ಬಂದರು.

“ಇದನ್ನ ಯಾರಿಗಾರ ಕೊಟ್ಟಬಿಡ್ರಿ ಅಣ್ಣಾ. ನನ್ನಂಥವರಿಗೆ ಆಗೂದಲ್ಲ ಇದು.”

ಅಲ್ಲಾವುದ್ದೀನ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. “ಟೀಚರ್, ಆ ಕಲ್ಲು ಸಡಿಲ ಅದ ಅಂತ ನನಗ ಹಿಂದಿನ ದಿನಾನೇ ಗೊತ್ತಿತ್ರಿ. ನಿಮ್ಮ ತಪ್ಪು ಏನೂ ಇದ್ದಿಲ್ಲ.”

ಸುಮಂಗಲಾ ಸೈಕಲ್ಲಿನ ಹ್ಯಾಂಡಲ್ಲನ್ನು ತಮ್ಮತ್ತ ಎಳೆದುಕೊಂಡರು.

“ಕೈ ಮುರದದ್ದಕ್ಕ ನನಗ ಸಿಟ್ಟಿಲ್ಲ,” ಎಂದರು. “ಇಷ್ಟು ದಿನ ನನಗ ನಾನೇ ಬೈಕೊಂಡೀನಿ. ಆ ಹೆಣ್ಮಕ್ಕಳಿಗೂ ಬ್ಯಾಡ ಅಂತ ಹೇಳಿ ಬಿಡಿಸೀನಿ. ನೀವು ನೋಡ್ಕೋತ ಕುಂತ್ರಿ.”

“ಏನ್ ಮಾಡ್ಲಿ, ಹೇಳ್ರಿ.”

“ಅವರೆಲ್ಲರ ಮುಂದ ಇದನ್ನೇ ಹೇಳ್ರಿ.” ಸೈಕಲ್ ತಿರುಗಿಸಿಕೊಂಡು ಹೊರಟುಹೋದರು.

ಮುಂದಿನ ಭಾನುವಾರ ಆ ಹೆಂಗಸರನ್ನೆಲ್ಲ ಖಣಿಗೆ ಕರೆಸಿ ಹೇಳಿದ. ಕೇಳಿದ ಮಜೀದಸಾಬರು, ಒಂದೊಂದು ಕಲ್ಲನ್ನೂ ನೋಡುವ ತನಕ ಖಣಿ ಬಂದ್ ಮಾಡಿಸಿದರು. ಎರಡು ತಿಂಗಳಾದ ಮೇಲೆ ಮತ್ತೆ ತೆರೆದಾಗ ನಾಲ್ವರು ಹೆಂಗಸರು ಮರಳಿದರು. ಸುಮಂಗಲಾ ಬರಲಿಲ್ಲ. ಅವನೂ ಕರೆಯಲು ಹೋಗಲಿಲ್ಲ, ಆ ಹಕ್ಕು ತನಗಿಲ್ಲವೆಂದುಕೊಂಡ.

ಈಗ ಹೊಸಬರು ಯಾರೇ ಬಂದರೂ ಹೆಲ್ಮೆಟ್ ಕೊಡುವ ಮೊದಲು ಆ ಸಂಗತಿಯನ್ನು ಹೇಳುತ್ತಾನೆ. ಕೇಳಿ ಕೆಲವರು ತಿರುಗಿ ಹೋಗುತ್ತಾರೆ. ಅವನು ತಡೆಯುವುದಿಲ್ಲ.