ಬೋಲ್ಟಿನ ಮೇಲೆ ಇಟ್ಟ ಕಾಲು

ಗೋಡೆ ಹತ್ತುವಾಗ ಏನನಿಸುತ್ತದೆ ಎಂದು ಕೇಳುವವರಿಗೇನೂ ಕಡಿಮೆಯಿಲ್ಲ. ಏನೂ ಅನಿಸುವುದಿಲ್ಲ. ಬೆರಳು ನೋಯುತ್ತದೆ, ಕಾಲಿಗೆ ಜಾಗ ಹುಡುಕಬೇಕಾಗುತ್ತದೆ, ಅಷ್ಟೇ. ಇದನ್ನು ಕೇಳಿ ಅವರ ಮುಖ ಸಪ್ಪಗಾಗುತ್ತದೆ. ನಾನೇನು ಮಾಡಲಿ? ಇದನ್ನೇ ಕಸುಬು ಮಾಡಿಕೊಂಡವಳು ನಾನು, ಬಣ್ಣ ಕಟ್ಟಿ ಹೇಳಲು ಬರುವುದಿಲ್ಲ.

ಕಲಿತದ್ದು ತೊಂಬತ್ತರ ದಶಕದಲ್ಲಿ, ಲೋಣಾವಳಾದ ಆಚೆಯ ಬಂಡೆಗಳ ಮೇಲೆ. ಅಲ್ಲಿಯ ಕಲ್ಲನ್ನು ನಂಬುವ ಹಾಗಿಲ್ಲ, ಹಿಡಿದರೆ ಕಿತ್ತು ಕೈಗೇ ಬರುತ್ತದೆ. ಅದಕ್ಕೇ ಹಿಂದಿನವರು ಹಗ್ಗ ಸಿಕ್ಕಿಸಲು ಅಲ್ಲಲ್ಲಿ ಕಬ್ಬಿಣದ ಬೋಲ್ಟು ಹೊಡೆದಿಟ್ಟಿದ್ದರು. ಆ ಬೋಲ್ಟಿನ ಮೇಲೇ ಕಾಲಿಟ್ಟು ಮೇಲೇರುವುದು ನಮ್ಮ ಗುಂಪಿನ ರೂಢಿ. ನಮಗೆ ಕಲಿಸಿದ ಮರಾಠಿ ದಾದಾ ಕೆಳಗಿನಿಂದ ಕೂಗುತ್ತಿದ್ದ, "ಲೋಖಂಡ ದಿಸಲಂ ಕೀ ಪಾಯ ಠೇವ!" ಕಬ್ಬಿಣ ಕಂಡರೆ ಕಾಲಿಡು. ಜೀವ ಉಳಿಸುವ ಮಾತು ಅದು, ಕಾಲಿಗೇ ಕಲಿಸಿಬಿಟ್ಟೆವು.

ಆಮೇಲೆ ಪುಣೆಯಲ್ಲಿ ಪ್ಲೈವುಡ್ ಗೋಡೆಗಳು ಬಂದವು, ಸ್ಪರ್ಧೆಗಳು ಬಂದವು. ಗೋಡೆಯಲ್ಲಿ ಬಣ್ಣದ ಹಿಡಿಗಳ ಮೇಲೆ ಮಾತ್ರ ಕೈಕಾಲು ಇಡಬೇಕು. ಅಲ್ಲೂ ಬೋಲ್ಟು ಇರುತ್ತದೆ, ಆದರೆ ಹಗ್ಗಕ್ಕೆ ಮಾತ್ರ, ಅದರ ಮೇಲೆ ಕಾಲಿಟ್ಟರೆ ಆಟ ಅಲ್ಲಿಗೇ ಮುಗಿಯಿತು.

ಅಪ್ಪ ವಿಜಾಪುರ ಕಡೆಯಿಂದ ಬಂದವರು, ಪುಣೆ ಹತ್ತಿರದ ಭೋಸರಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ನನ್ನ ಬಿ.ಕಾಂ. ಮುಗಿದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಕರಾರು ಹಾಕಿದರು. "ಈ ಸಲ ದೇಶದ ತಂಡದಾಗ ನಿನ್ನ ಹೆಸರು ಬಂತಂದ್ರ ಆಡು, ನಾ ಬ್ಯಾಡ ಅನ್ನಂಗಿಲ್ಲ. ಸೋತಿ ಅಂದ್ರ ಸೋಮವಾರದಿಂದ ನಮ್ಮ ಆಫೀಸಿಗೆ ಬಾ. ಸಾಹೇಬ್ರಿಗೆ ಹೇಳೇನಿ."

ಒಪ್ಪಿದೆ. ಒಪ್ಪದೆ ಗತಿ ಇರಲಿಲ್ಲ. ಆಫೀಸಿಗೆ ಒಮ್ಮೆ ಹೋದರೆ ಹಗಲೆಲ್ಲ ಅಲ್ಲೇ, ಗೋಡೆಯ ಕಡೆ ತಲೆ ಹಾಕಲೂ ಆಗುವುದಿಲ್ಲ ಎಂದು ಗೊತ್ತಿತ್ತು.

ಆಯ್ಕೆಯ ದಿನ ಅಪ್ಪ ರಜೆ ಹಾಕಿ ಬಂದರು. ನಾನು ಹತ್ತುವುದನ್ನು ಅವರು ನೋಡಿದ್ದು ಅದೇ ಮೊದಲು. ಮುಕ್ಕಾಲು ಗೋಡೆ ಸಲೀಸಾಗಿ ದಾಟಿದೆ. ಅಲ್ಲಿ ಕೈ ಸ್ವಲ್ಪ ಜಾರಿತು. ಬಲಗಾಲು ತಾನಾಗಿ ಹೋಗಿ ಬೋಲ್ಟಿನ ಮೇಲೆ ನಿಂತಿತು, ನನ್ನನ್ನು ಒಂದು ಮಾತೂ ಕೇಳಲಿಲ್ಲ. ನಾನು ಔಟ್ ಎಂದು ತೀರ್ಪುಗಾರರು ಭೋಂಗಾ ಊದಿದರು.

ಕೆಳಗೆ ಯಾರೋ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ನೋಡಿದರೆ ಅಪ್ಪ. ಭೋಸರಿಯ ಕಾರ್ಖಾನೆಯಲ್ಲಿ ಭೋಂಗಾ, ಅಂದರೆ ಸೈರನ್, ಆಯಿತೆಂದರೆ ಕೆಲಸ ಮುಗಿಯಿತು ಎಂದರ್ಥ. ಮಗಳು ಗೆದ್ದಳು ಎಂದುಕೊಂಡಿದ್ದರು. ಅಷ್ಟು ಜನರಲ್ಲಿ ಅವರೊಬ್ಬರೇ. ಛೇ, ಅದನ್ನು ನೋಡಬಾರದಿತ್ತು.

ಹಗ್ಗ ಬಿಚ್ಚಿದೆ, ಶೂ ಬಿಚ್ಚಿದೆ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹಲ್ಲಿನ ಡಾಕ್ಟರ್ ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಇಡೀ ಮೈ ಹಾಗಾಗಿತ್ತು. ಸ್ಕೂಟರಿನ ಹತ್ತಿರ ಬಂದು ಅಪ್ಪನಿಗೆ ಹೇಳಿದೆ, "ನಾ ಔಟ್ ಅಪ್ಪಾ. ಬೋಲ್ಟಿನ ಮ್ಯಾಲ ಕಾಲಿಟ್ಟೆ. ಸೋಮವಾರ ಆಫೀಸಿಗೆ ಬರ್ತೀನಿ."

ಅವರು ಸ್ಕೂಟರಿನ ಕೀಲಿ ಕೈಯಲ್ಲಿ ಹಿಡಿದುಕೊಂಡೇ ನಿಂತರು. "ಬಿದ್ದಿ ಏನು?"

"ಇಲ್ಲ."

"ಗಟ್ಟಿ ಕಂಡಲ್ಲೆ ಕಾಲಿಟ್ರ ಔಟ್? ಇದ್ಯಾವ ಸುಡುಗಾಡು ಆಟವಾ!" ಕೀಲಿಯನ್ನು ಸ್ಕೂಟರಿಗೆ ಸಿಕ್ಕಿಸುತ್ತ ಅಂದರು, "ನೀ ಬಿದ್ದಿಲ್ಲ, ಅವರು ನಿಂದ್ರಿಸ್ಯಾರ. ಅದು ಸೋತಂಗಲ್ಲ. ನೀ ಬಿದ್ದ ದಿನ ಬಂದು ನನಗ ಹೇಳು, ಅವತ್ತ ಈ ಆಟ ಬಿಡೂಣು."

ಖುಷಿಯಾಗಬೇಕಿತ್ತು. ಆಗಲಿಲ್ಲ. ಸ್ಕೂಟರಿನ ಹಿಂದೆ ಕೂತು ಮನೆಗೆ ಬಂದೆ, ಅವ್ವ ಬಡಿಸಿದ್ದನ್ನು ಉಂಡು ಮಲಗಿದೆ.

ಮರುದಿನ ಅಭ್ಯಾಸದಲ್ಲೇ ಬಿದ್ದೆ. ಬೋಲ್ಟನ್ನು ಕಾಲಿಗೆ ಮರೆಸುವುದೆಂದರೆ ಬೀಳುವುದೇ, ಬೇರೆ ದಾರಿ ಇರಲಿಲ್ಲ. ಹಗ್ಗದಲ್ಲಿ ಜೋತಾಡಿದೆ, ಮತ್ತೆ ಹತ್ತಿದೆ, ಮತ್ತೆ ಬಿದ್ದೆ. ತಂಡದಲ್ಲಿ ಹೆಸರು ಬಂದದ್ದು ಎಷ್ಟೋ ದಿನದ ಮೇಲೆ. ಅಲ್ಲಿಯವರೆಗೂ ಸಂಜೆ ಮನೆಗೆ ಬಂದಾಗ ಅಪ್ಪ ಕೇಳುತ್ತಿದ್ದರು, "ಹೆಂಗಾತವಾ?"

"ಛಲೋ ಆತು" ಎನ್ನುತ್ತಿದ್ದೆ.

ಅವರು ನನ್ನ ತರಚಿದ ಮೊಣಕೈ ನೋಡುತ್ತಿದ್ದರು. ಬಿದ್ದಿ ಏನು ಎಂದು ಮಾತ್ರ ಮತ್ತೆ ಯಾವತ್ತೂ ಕೇಳಲಿಲ್ಲ.