ಗಣಿಯೂರಿನಲ್ಲಿ ಮೂರು ದಿನ

ಸುಮ್ಮನಿರುವುದು ನನಗೆ ಬರುವುದಿಲ್ಲ, ಒಪ್ಪಿಕೊಂಡುಬಿಡುತ್ತೇನೆ. ಕಾಫಿ ತೋಟದವರ ಜಾತಕವೇ ಹಾಗೆ. ಹಣ್ಣು ಕುಯ್ದು, ಒಣಗಿಸಿ, ಮೂಟೆ ಕಟ್ಟಿದ ಮೇಲೂ ಗಿಡ ಹೂ ಬಿಡಲು ಬೇಕಾದ ಹೂಮಳೆ ಯಾವಾಗ ಬರುತ್ತದೋ ಎಂದು ಮುಗಿಲು ನೋಡುತ್ತ ಅಂಗಳದಲ್ಲಿ ಶತಪಥ ತುಳಿಯುತ್ತೇವೆ. ಆ ವರ್ಷ ನನ್ನ ಹೆಂಡತಿಗೆ ಸಾಕಾಗಿಹೋಯಿತು. "ನೀವು ನೋಡಿದ್ರೆ ಮಳೆ ಬೇಗ ಬರಲ್ಲ. ನಿಮ್ಮಕ್ಕನ ಮನೇಲಿ ಮೂರು ದಿನ ರೆಸ್ಟ್ ತಗೊಂಡು ಬನ್ನಿ" ಎಂದು ಮೂಡಿಗೆರೆಯಲ್ಲಿ ಬಸ್ಸು ಹತ್ತಿಸಿದಳು.

ಅಕ್ಕನ ಮನೆ ಕುದುರೆಮುಖದಲ್ಲಿ. ಕಳಸ ದಾಟಿದ ಮೇಲೆ ಸಿಗುವ ಗಣಿಯೂರು. ಅಲ್ಲಿಯ ಅದಿರನ್ನು ಮಿಲ್ಲಿನಲ್ಲಿ ಅರೆದು, ನೀರಲ್ಲಿ ಕಲಸಿ, ಘಟ್ಟದ ಕೆಳಗೆ ಸಮುದ್ರದವರೆಗೂ ಕೊಳವೆಯಲ್ಲೇ ಕಳಿಸುತ್ತಿದ್ದರು. ಹಾಗಾಗಿ ನನ್ನ ಲೆಕ್ಕದಲ್ಲಿ ಅದು ಕರಾವಳಿಯ ಊರೇ. ಸಮುದ್ರ ಸ್ವಲ್ಪ ದೂರ ಇದೆ, ಅಷ್ಟೆ. ನಾನು ಹೋದಾಗ ಗಣಿ ಮುಚ್ಚಿ ಕೆಲವು ತಿಂಗಳಾಗಿತ್ತು. ಸಾಲು ಸಾಲು ಕ್ವಾರ್ಟರ್ಸ್ ಖಾಲಿ. ಗುಲಾಬಿ ಗಿಡಗಳು ಮಾತ್ರ ಯಜಮಾನರಿಲ್ಲದೆಯೂ ಹೂ ಬಿಟ್ಟಿದ್ದವು. ಬೆಳಗಿನ ಮಂಜು ಯಾರದೋ ಮನೆ ಹುಡುಕುವಂತೆ ಬೀದಿಯಲ್ಲಿ ಸುಳಿದಾಡುತ್ತಿತ್ತು. ನನಗೂ ಹಿತವಾದ ಮಂಪರು.

ಊಟ ಮಾಡಿ ಜಗಲಿಯ ಕುರ್ಚಿಯಲ್ಲಿ ಒರಗಿದ್ದಷ್ಟೇ ಗೊತ್ತು. ಎಚ್ಚರಾದಾಗ ಸಂಜೆ ಕಾಫಿಯ ಹೊತ್ತು. ಪಕ್ಕದಲ್ಲಿ ಭಾವನೂ ಬಾಯಿ ತೆರೆದು ನಿದ್ದೆ ಹೋಗಿದ್ದರು. ಮರುದಿನವೂ ಹಾಗೇ. ಆದರೆ ಅಕ್ಕ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಏನಾಯ್ತಕ್ಕಾ?" ಎಂದೆ, ಗಾಬರಿಯಿಂದ.

"ಮೆಲ್ಲಗೆ ಮಾತಾಡು ಮಾರಾಯ. ಮಿಲ್ ನಿಂತಾಗಿಂದ ಇವ್ರಿಗೆ ನಿದ್ದೆ ಇಲ್ಲ. ಇಪ್ಪತ್ತೈದು ವರ್ಷ ಆ ಗುರುಗುರು ಕೇಳ್ಕಂಡೇ ಮಲಗಿದೋರು. ಮಾತ್ರೆಗೂ ಬರದ ನಿದ್ದೆ ನಿನ್ನ ಗೊರಕೆಗೆ ಬಂತು ನೋಡು!"

ನನ್ನ ಗೊರಕೆಯನ್ನು ಅದುವರೆಗೆ ಯಾರೂ ಹೊಗಳಿರಲಿಲ್ಲ. ಹೆಂಡತಿ ಅದರ ದೆಸೆಯಿಂದಲೇ ಬೇರೆ ಕೋಣೆ ಸೇರಿದವಳು. ರೆಸ್ಟು ನಿಜಕ್ಕೂ ಯಾರಿಗಿತ್ತು ಎಂಬ ಅನುಮಾನವೂ ಆಗ ಬಂತು. ಆದರೂ ಹಿಗ್ಗಿಹೋದೆ. ಹಿಗ್ಗಿದ್ದೇ ತಪ್ಪಾಯಿತು. ಮೂರನೆಯ ಮಧ್ಯಾಹ್ನ ಕಣ್ಣು ಮುಚ್ಚಿದರೆ ನಿದ್ದೆಯ ಸುಳಿವೇ ಇಲ್ಲ. ಪಕ್ಕದಲ್ಲಿ ಭಾವ ಮಗ್ಗುಲು ಬದಲಿಸುತ್ತಿದ್ದರು, ನಿಟ್ಟುಸಿರು ಬಿಡುತ್ತಿದ್ದರು. ಒಂದು ಊರೇ ನಿಂತುಹೋದರೆ ಅದರ ಸದ್ದನ್ನು ಎಲ್ಲಿಂದ ತಂದುಕೊಡುವುದು? ಬೇರೆ ದಾರಿ ಕಾಣದೆ, ಪೂರ್ತಿ ಎಚ್ಚರವಿದ್ದುಕೊಂಡೇ ಗೊರಕೆ ಹೊಡೆಯತೊಡಗಿದೆ. ತೋಟದಲ್ಲೂ ಅಷ್ಟು ನಿಷ್ಠೆಯಿಂದ ದುಡಿದವನಲ್ಲ.

ಸ್ವಲ್ಪ ಹೊತ್ತಿಗೆ ಭಾವ ಕಣ್ಣು ತೆರೆಯದೆಯೇ ಹೇಳಿದರು: "ಸ್ವಲ್ಪ ನಿಧಾನ ಮಾರಾಯ. ಮಿಲ್ಲು ಇಷ್ಟು ಜೋರಿರ್ಲಿಲ್ಲ."

ನಾನು ನಿಧಾನ ಮಾಡಿದೆ. ಅವರ ತಲೆ ಮೆಲ್ಲಗೆ ಎದೆಗೆ ಇಳಿಯಿತು.